ಜಿಪ್ಸಂ ಬೋರ್ಡ್ ಜಾಯಿಂಟ್ ಮತ್ತೆ ಮತ್ತೆ ಬಿರುಕು ಬಿಡುತ್ತಿದೆ: ಅನುಭವ ಇದ್ದವರು ಹೇಳಿ

ಕೇಳಿದವರು, ಚಾಮರಾಜಪೇಟೆ

ನಮ್ಮದು ತಾತನ ಕಾಲದ ಮನೆ. ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಚಾವಣಿ), ಸುಣ್ಣದ ಗಾರೆ ಗೋಡೆ, ರೆಡ್ ಆಕ್ಸೈಡ್ ನೆಲ. ಅತ್ತೆಗೆ ಮೆಟ್ಟಿಲು ಹತ್ತೋಕೆ ಆಗುವುದಿಲ್ಲ ಅಂತ ಹಾಲಿನ ಒಂದು ಮೂಲೆಗೆ ಜಿಪ್ಸಂ ಬೋರ್ಡ್ ಗೋಡೆ ಹಾಕಿಸಿ ಚಿಕ್ಕ ರೂಮ್ ಮಾಡಿದೆವು. ಬಣ್ಣ ಹೊಡೆದು ನಾಲ್ಕು ತಿಂಗಳಾಯಿತು. ಬೋರ್ಡ್‌ಗಳ ನಡುವೆ ಕೂದಲೆಳೆಯಷ್ಟು ಬಿರುಕು. ಹಳೇ ಗೋಡೆಗೆ ಸೇರುವ ಕಡೆ ಉಗುರು ಹೋಗುವಷ್ಟು. ಬಾಗಿಲಿನ ಮೇಲ್ಮೂಲೆಯಲ್ಲಿ ಇನ್ನೊಂದು. ಪೇಂಟರ್ ಎರಡು ಸಲ ಪುಟ್ಟಿ ಮೆತ್ತಿ ಹೋದರು, ಎರಡು ಸಲವೂ ಬಿಟ್ಟಿತು. ಈಗ ಇಡೀ ಗೋಡೆಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎಳೆದುಬಿಡೋಣ ಅನ್ನುತ್ತಿದ್ದಾರೆ. ಎಳೆಸಲಾ?

ಬಸವನಗುಡಿಯಿಂದ

ಬೇಡ ಮೇಡಂ. ನಾನು ಎಳೆಸಿ ಕೈ ಸುಟ್ಟುಕೊಂಡವನು. ನಮ್ಮ ಮೇಸ್ತ್ರಿಯೂ ಇದೇ ಮಾತು ಹೇಳಿದ್ದರು: "ಏನೂ ಆಗಲ್ಲ ಸಾರ್, ಒಂದು ಕೈ ಪಿಒಪಿ ಎಳೆದರೆ ಹೊಸದು ಯಾವುದು ಹಳೇದು ಯಾವುದು ಗೊತ್ತೇ ಆಗಲ್ಲ." ಮುಂದಿನ ಬೇಸಿಗೆಗೆ ಚೆನ್ನಾಗಿಯೇ ಗೊತ್ತಾಯಿತು. ಮೊದಲು ಬಿಟ್ಟ ಜಾಗದಲ್ಲೇ ಮತ್ತೆ ಬಿಟ್ಟಿತು, ಈ ಸಲ ಪಿಒಪಿ ಚಕ್ಕೆ ಸಮೇತ.

ನಿಮ್ಮ ಮೂರು ಬಿರುಕಿಗೂ ಕಾರಣ ಬೇರೆ ಬೇರೆ.

ಬೋರ್ಡ್‌ಗಳ ನಡುವಿನದು ಬಹುಶಃ ಟೇಪ್ ಹಾಕದೇ ಇದ್ದದ್ದರಿಂದ. ಒಂದು ಕಡೆ ಕೆರೆದು ನೋಡಿ, ಕಾಗದದ ಪಟ್ಟಿ ಸಿಗುತ್ತದಾ ಅಂತ. ಪಿಒಪಿಯಾಗಲಿ, ಬಿಳಿ ಸಿಮೆಂಟಿನ ವಾಲ್ ಪುಟ್ಟಿಯಾಗಲಿ ಗಟ್ಟಿಯಾದ ಮೇಲೆ ಬಿಸ್ಕತ್ತಿನ ಹಾಗೆ. ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಮುರಿಯುತ್ತದೆ. ಆ ಎಳೆತ ತಡೆಯೋದು ಟೇಪ್ ಒಂದೇ.

ಹಳೇದನ್ನೆಲ್ಲ ಕೆರೆದು ತೆಗೆಸಿ. ಬೋರ್ಡ್ ಮೇಲೆ ಅಂಗೈ ಒತ್ತಿ ನೋಡಿ. ಅಲ್ಲಾಡಿದರೆ ಮೊದಲು ಸ್ಕ್ರೂ ಹಾಕಿಸಿ. 12.5 ಮಿ.ಮೀ. ಬೋರ್ಡಿಗೆ 25 ಮಿ.ಮೀ. ಸ್ಕ್ರೂ, ಗೋಡೆಯಲ್ಲಿ ಸುಮಾರು 300 ಮಿ.ಮೀ.ಗೆ ಒಂದು. ತಲೆ ಕಾಗದದ ಮಟ್ಟಕ್ಕಿಂತ ಒಂದು ಚೂರು ಒಳಗೆ ಕೂರಬೇಕು, ಆದರೆ ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂ ಇದ್ದೂ ಇಲ್ಲದ ಹಾಗೆ, ಪಕ್ಕದಲ್ಲಿ ಇನ್ನೊಂದು ಹಾಕಿಸಿ. ಆಮೇಲೆ ಜಾಯಿಂಟಿಂಗ್ ಕಾಂಪೌಂಡ್ (ಬೋರ್ಡಿನ ಸಂದಿಗೆ ಅಂತಲೇ ಬರುವ ಪೇಸ್ಟ್) ಬಳಿದು, ಹಸಿ ಇರುವಾಗಲೇ ಪೇಪರ್ ಟೇಪ್ ಕೂರಿಸಿ, ಪುಟ್ಟಿ ಬ್ಲೇಡಿನಿಂದ ಎಳೆದು ಹೆಚ್ಚಿನದನ್ನು ಹೊರಗೆ ತೆಗೆಯಬೇಕು. ಟೇಪಿನ ಕೆಳಗೆ ಒಣ ಜಾಗ ಉಳಿದರೆ ಅಲ್ಲಿ ಗುಳ್ಳೆ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಒಂದು ಗೇಣಗಲ ಎರಡನೇ ಕೋಟ್. ಅದೂ ಒಣಗಿದ ಮೇಲೆ ಒಂದಡಿ ಅಗಲ ಮೂರನೆಯದು, ತೆಳ್ಳಗೆ.

ಬೋರ್ಡಿನ ಉದ್ದದ ಅಂಚು ಸ್ವಲ್ಪ ತಗ್ಗಾಗಿರುತ್ತದೆ. ಟೇಪ್ ಆ ತಗ್ಗಿನಲ್ಲಿ ಕೂರುತ್ತದೆ. ಕತ್ತರಿಸಿದ ಅಂಚಿಗೆ ಆ ತಗ್ಗು ಇಲ್ಲ, ಅಲ್ಲಿ ದಿಬ್ಬ ಆಗಿಯೇ ಆಗುತ್ತದೆ. ಅದನ್ನು ಉಜ್ಜಿ ಇಲ್ಲವಾಗಿಸಲು ಹೋದರೆ ಟೇಪೇ ಹರಿಯುತ್ತದೆ. ಇನ್ನೂ ಅಗಲಕ್ಕೆ ಎಳೆದು ಕಣ್ಣಿಗೆ ಕಾಣದ ಹಾಗೆ ಮಾಡಬೇಕು, ಅಷ್ಟೇ.

ಬಾಗಿಲಿನ ಮೂಲೆ ಬೇರೆ ಕಥೆ. ಚೌಕಟ್ಟಿನ ಅಂಚಿನ ನೇರಕ್ಕೇ ಜಾಯಿಂಟ್ ಇಟ್ಟಿದ್ದಾರಾ ನೋಡಿ. ಪ್ರತಿ ಸಲ ಬಾಗಿಲು ದಡ್ ಅಂದಾಗ ಏಟು ಅಲ್ಲಿಗೇ ಬೀಳುತ್ತದೆ. ಬೋರ್ಡನ್ನು ಬಾಗಿಲು ಬಳಸಿಕೊಂಡು ಹೋಗುವ ಹಾಗೆ ಎಲ್ ಆಕಾರದಲ್ಲಿ ಕತ್ತರಿಸಿ, ಜಾಯಿಂಟ್ ಬಾಗಿಲಿನ ಮೇಲೆ ನಡುವಿಗೆ ಬರಿಸಬೇಕಿತ್ತು. ಆ ತುಂಡು ಬಿಚ್ಚಿ ಹೊಸದು ಹಾಕಿಸೋದೇ ವಾಸಿ.

ಇನ್ನು ಹಳೇ ಗೋಡೆಗೆ ಸೇರುವ ಕಡೆ. ನನ್ನ ದುಡ್ಡು ಜಾಸ್ತಿ ಹೋಗಿದ್ದು ಇಲ್ಲೇ. ಹಳೇ ಮನೆ ಅಲ್ಲಾಡುತ್ತಲೇ ಇರುತ್ತದೆ. ಏಪ್ರಿಲ್‌ನಲ್ಲಿ ತಾರಸಿ ಕಾದು ಹಿಗ್ಗುತ್ತದೆ, ಮೇ ತಿಂಗಳ ಸಂಜೆ ಮಳೆಗೆ ತಣ್ಣಗಾಗಿ ಕುಗ್ಗುತ್ತದೆ. ತೊಲೆ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಇಳಿಯುತ್ತದೆ. ತಗಡಿನ ಫ್ರೇಮಿನ ಮೇಲೆ ನಿಂತ ಬೋರ್ಡ್ ಆ ತಾಳಕ್ಕೆ ಕುಣಿಯೋದಿಲ್ಲ. ಎರಡನ್ನೂ ಗಟ್ಟಿಯಾಗಿ ಅಂಟಿಸಿದರೆ ಯಾವುದಾದರೂ ಒಂದು ಬಿಡಲೇಬೇಕು. ಅಲ್ಲಿ 3 ಮಿ.ಮೀ. ಸಂದು ಬಿಟ್ಟು, ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ತುಂಬಿಸಿ. ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ನಾನು ಸೀಲಿಂಗ್ ಹತ್ತಿರ ಸೀಲೆಂಟ್ ಕೂಡ ಹಾಕಿಸದೆ ನೇರವಾದ ಒಂದು ಸಂದು ಗೆರೆಯ ಹಾಗೆ ತೆರೆದೇ ಬಿಡಿಸಿದ್ದೇನೆ. ನೆಂಟರು "ಡಿಸೈನಾ?" ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ.

ರಾಜಾಜಿನಗರದಿಂದ, ಬೋರ್ಡ್ ಕೆಲಸ ಮಾಡುವವನು

ಸರ್ ಹೇಳಿದ್ದು ಸರಿ. ನಮ್ಮ ಕಡೆಯದೂ ಎರಡು ಮಾತು.

ಗಿರಾಕಿ ಮೊದಲು ಕೇಳೋದು ಚದರಡಿ ರೇಟ್. ರೇಟ್ ಇಳಿಸಿದಾಗ ಮೊದಲು ಹೋಗೋದು ಟೇಪ್, ಆಮೇಲೆ ಮೂರನೇ ಕೋಟ್. ಎರಡೂ ಬಣ್ಣದ ಕೆಳಗೆ ಅಡಗಿರುತ್ತವೆ, ಕೆಲಸ ಮುಗಿದ ದಿನ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಬಣ್ಣಕ್ಕೆ ಮುಂಚೆ ಒಂದು ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ನೋಡಿ. ಉಬ್ಬು ತಗ್ಗು ಎಲ್ಲ ಕಾಣುತ್ತದೆ. ಪೆನ್ಸಿಲ್‌ನಲ್ಲಿ ಗುರುತು ಮಾಡಿಡಿ, ಬೆಳಿಗ್ಗೆ ಹುಡುಗರಿಗೆ ತೋರಿಸಿ.

ಕಾಂಪೌಂಡ್ ಎರಡು ಥರ ಬರುತ್ತದೆ. ಪುಡಿಯದು ನೀರಿಗೆ ಕಲೆಸಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಬಕೆಟ್‌ನಲ್ಲಿ ರೆಡಿ ಬರೋದು ನೀರು ಆರಿದರೆ ಮಾತ್ರ. ಮಳೆಗಾಲದಲ್ಲಿ ರೆಡಿಯದು ಒಂದು ದಿನಕ್ಕೂ ಒಣಗದೇ ಇರಬಹುದು, ಅವಸರ ಮಾಡಬೇಡಿ. ಪುಡಿಯದನ್ನು ಸ್ವಲ್ಪ ಸ್ವಲ್ಪವೇ ಕಲೆಸಿ, ಪ್ರತಿ ಸಲ ಬಾಂಡಲಿ ತೊಳೆಯಿರಿ. ಹಳೇ ಚೂರು ಉಳಿದಿದ್ದರೆ ಹೊಸದು ಬೇಗ ಹಿಡಿದುಕೊಂಡುಬಿಡುತ್ತದೆ. ಗಟ್ಟಿಯಾಗ್ತಿದೆ ಅಂತ ಮೇಲೆ ನೀರು ಹಾಕಿ ಮೆತ್ತಗೆ ಮಾಡಿದರೆ ಅದರ ಸತ್ವ ಹೋಯಿತು.

ಬಣ್ಣಕ್ಕೆ ಮುಂಚೆ ಪ್ರೈಮರ್ ಬೇಕೇ ಬೇಕು. ಬೋರ್ಡಿನ ಕಾಗದ ಒಂದು ಥರ ಬಣ್ಣ ಕುಡಿಯುತ್ತದೆ, ಕಾಂಪೌಂಡ್ ಇನ್ನೊಂದು ಥರ. ಪ್ರೈಮರ್ ಇಲ್ಲದಿದ್ದರೆ ಜಾಯಿಂಟೆಲ್ಲ ಪಟ್ಟೆ ಪಟ್ಟೆಯಾಗಿ ಎದ್ದು ಕಾಣುತ್ತದೆ. ಹೊಳಪಿನ ಬಣ್ಣವೂ ಬೇಡ, ಮ್ಯಾಟ್ ಹೊಡೆಸಿ.

ಮಲ್ಲೇಶ್ವರದಿಂದ

ಬೋರ್ಡಿನ ಬಗ್ಗೆ ಎಲ್ಲರೂ ಹೇಳಿದರು, ಹಳೇ ಗೋಡೆಯನ್ನು ಯಾರೂ ಮಾತಾಡಿಸಲಿಲ್ಲ. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ. ನಮ್ಮದು, ಬಸವನಗುಡಿಯವರದು ಪ್ಲೇಗ್ ಬಂದ 1898ರ ಹೊತ್ತಿನವು. ಆ ಕಾಲದ ಸುಣ್ಣದ ಗೋಡೆ ತೇವ ಎಳೆದುಕೊಳ್ಳುತ್ತದೆ, ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಬಡಿದರೆ ತೇವ ಒಳಗೇ ಸಿಕ್ಕಿಕೊಂಡು, ಆಮೇಲೆ ಉಪ್ಪು ಬಿಟ್ಟು ಗಾರೆ ಸಮೇತ ಉದುರುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು. ಸೇರುವ ಕಡೆ ರಿಪೇರಿ ಬಂದರೆ ಸುಣ್ಣದ ಗಾರೆಯಲ್ಲೇ ಮಾಡಿಸಿ. ಕೈ ಇಟ್ಟು ನೋಡಿ, ತಣ್ಣಗೆ ತೇವ ಇದ್ದರೆ ಮೊದಲು ತಾರಸಿಯ ನೀರು ಎಲ್ಲಿಂದ ಇಳಿಯುತ್ತಿದೆ ಹುಡುಕಿ. ಹಸಿರು ಬಣ್ಣದ ಬೋರ್ಡ್ ಹಾಕಿಸಿದರಾಯಿತು ಅನ್ನುವವರಿದ್ದಾರೆ. ಅದು ತೇವದ ಗಾಳಿ ತಡೆಯುತ್ತದೆ, ಸೋರುವ ನೀರನ್ನಲ್ಲ.

ಇನ್ನೊಂದು. ಹಳೇ ಎಣ್ಣೆ ಬಣ್ಣ ಇರುವ ಕಡೆ ಒಣ ಸ್ಯಾಂಡ್ ಪೇಪರ್ ಹಾಕಿಸಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನದರಲ್ಲಿ ಎಷ್ಟಿದೆಯೋ. ನೀರು ಚಿಮುಕಿಸಿ ಉಜ್ಜಿಸಿ. ಅತ್ತೆಯವರನ್ನು ಆ ಎರಡು ದಿನ ಬೇರೆ ರೂಮಿಗೆ ಕಳಿಸಿ.

ಕೇಳಿದವರು

ಕೆರೆದು ನೋಡಿದೆ. ಟೇಪ್ ಇಲ್ಲ. ಒಂದು ಕಡೆಯಂತೂ ಸಿಮೆಂಟ್ ಚೀಲದ ಕಾಗದ ತುರುಕಿ ಮೇಲೆ ಪಿಒಪಿ ಮೆತ್ತಿದ್ದಾರೆ! ಬಾಗಿಲಿನ ಜಾಯಿಂಟ್ ಕೂಡ ಬಸವನಗುಡಿಯವರು ಹೇಳಿದ ಹಾಗೇ ಚೌಕಟ್ಟಿನ ನೇರಕ್ಕಿದೆ. ಗೋಡೆ ಸದ್ಯ ಒಣಗಿದೆ. ಎಸ್‌ಜೆಪಿ ರೋಡಿನಲ್ಲಿ ಟೇಪ್ ಕೇಳಿದರೆ ಅಂಗಡಿಯವರು ಬಲೆಯಂಥದ್ದು ಕೊಟ್ಟರು, ಹಿಂದೆ ಅಂಟು ಇದೆ. ನಡೆಯುತ್ತಾ?

ರಾಜಾಜಿನಗರದಿಂದ

ನಡೆಯುತ್ತೆ ಅಕ್ಕ, ಆದರೆ ಪುಡಿ ಕಾಂಪೌಂಡ್ ಜೊತೆ ಮಾತ್ರ. ರೆಡಿಯದರ ಜೊತೆ ಬೇಡ. ಒಳಮೂಲೆಗಳಿಗೆ ಪೇಪರ್ ಟೇಪೇ ತನ್ನಿ, ನಡುವೆ ಮಡಿಕೆ ಗೆರೆ ಇರುತ್ತದೆ, ಸಲೀಸಾಗಿ ಕೂರುತ್ತದೆ. ನಾನಾದರೆ ಹಳೇ ಮನೆಗೆ ಎಲ್ಲ ಕಡೆ ಪೇಪರ್ರೇ ಹಾಕುತ್ತೇನೆ. ಬಲೆ ಸ್ವಲ್ಪ ಹಿಗ್ಗುತ್ತದೆ.

ಜಯನಗರದಿಂದ

ನನ್ನದು ಒಂದೇ ಮಾತು. ರೆಡ್ ಆಕ್ಸೈಡ್ ನೆಲಕ್ಕೆ ಮೊದಲು ಹಳೇ ಬೆಡ್‌ಶೀಟ್, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚಿಗೆಲ್ಲ ಟೇಪ್ ಹಾಕಿ. ಬರೀ ನ್ಯೂಸ್ ಪೇಪರ್ ಹಾಸಿದರೆ ನೆನೆದು ನೆಲಕ್ಕೇ ಅಂಟುತ್ತದೆ. ನಮ್ಮ ಹಾಲಿನಲ್ಲಿ ಒಂದು ಜಾಹೀರಾತಿನ ಅರ್ಧ ಇನ್ನೂ ಓದಬಹುದು.