ಕೆನಡಾದವನ ವ್ಯಾನ್

ನನ್ನ ಫೋನಿನಲ್ಲಿ ಶಾಲೆಯ ಗೆಳೆಯರೆಲ್ಲ ಊರಿನ ಹೆಸರಿನಲ್ಲೇ ಇದ್ದಾರೆ. ಭಾನುವಾರ ರಾತ್ರಿ ಗುಂಪಿಗೆ ಕೆನಡಾ ಮೂರು ಫೋಟೊ ಹಾಕಿದ. ಗಾಳಿಮಳೆಗೆ ಇಲ್ಲಿ ಕರೆಂಟ್ ಹೋಗಿತ್ತು. ಎಲ್ಲರಿಗೂ ಪುರುಸೊತ್ತು.

ಕೆನಡಾ: ಮೂರೂ ಜಪಾನಿನಿಂದ ಬಂದ ಹಳೇ ವ್ಯಾನ್. 15 ವರ್ಷ ದಾಟಿದ್ದರೆ ಇಲ್ಲಿಗೆ ತರಿಸಬಹುದು. 1996ರ ಮಿತ್ಸುಬಿಷಿ ಡೆಲಿಕಾ, 2.8 ಡೀಸೆಲ್. 1995ರ ಟೊಯೋಟಾ ಹೈಏಸ್, ಅದೂ ಡೀಸೆಲ್. 1997ರ ಸುಜುಕಿ ಎವ್ರಿ, 660 ಸಿಸಿ ಪೆಟ್ರೋಲ್. ಯಾವುದು ತಗೊಳ್ಳಲಿ?

ನಾಪೋಕ್ಲು: ಡೆಲಿಕಾ! ಫೋರ್ ವೀಲ್ ಡ್ರೈವ್, ಎತ್ತರ, ಗತ್ತು. ಇನ್ನೆಂತ ಯೋಚನೆ?

ಸುಂಟಿಕೊಪ್ಪ: ಗತ್ತಿಗೆ ಬಿಲ್ ಕಟ್ಟುವವನು ಅವನು. ಕೆನಡಾ, ರಿಪೇರಿ ಯಾರು ಮಾಡುವುದು?

ಕೆನಡಾ: ನಾನೇ. ಇಲ್ಲಿ ಮೆಕ್ಯಾನಿಕ್ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತಾನೆ.

ವಿರಾಜಪೇಟೆ: ಹಾಗಾದರೆ ಎವ್ರಿ. ಅದು ನಮ್ಮ ಓಮ್ನಿಯ ತಮ್ಮ ಅಲ್ವಾ? ಹದಿನಾಲ್ಕು ವರ್ಷ ಓಡಿಸಿದ್ದೇನೆ. ಸೀಟು ಎತ್ತಿದರೆ ಇಂಜಿನ್. ಮಾಕುಟ್ಟದ ಕಾಡಿನಲ್ಲಿ ಪ್ಲಗ್ ಬಿಚ್ಚಿ, ಉಜ್ಜಿ, ಹಾಕಿ ಮನೆಗೆ ಬಂದಿದ್ದೇನೆ. ಪಾರ್ಟ್ಸ್ ಬೇಕಾದರೆ ನಾವೇ ಇಲ್ಲಿಂದ ಕಳಿಸೋಣ.

ಸುಂಟಿಕೊಪ್ಪ: ಸಂಬಂಧ ಸರಿ, ಪಾರ್ಟ್ಸ್ ತಪ್ಪು. ಎರಡೂ ಸುಜುಕಿಯ ಎಫ್ ಇಂಜಿನ್ನೇ, ಎರಡಕ್ಕೂ ಮೂರೇ ಸಿಲಿಂಡರ್. ಆದರೆ ಓಮ್ನಿಯದು ಎಫ್8ಬಿ, 796 ಸಿಸಿ, ಬೋರ್ ಎಂದರೆ ಸಿಲಿಂಡರಿನ ಒಳಗಿನ ಅಗಲ 68.5 ಮಿಲಿಮೀಟರ್. ಎವ್ರಿಯದು ಎಫ್6ಎ, 657 ಸಿಸಿ, ಬೋರ್ 65. ನೀನು ಕಳಿಸಿದ ಪಿಸ್ಟನ್ ಅವನ ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಇಡಲಿಕ್ಕೆ ಆಗುತ್ತದೆ.

ವಿರಾಜಪೇಟೆ: 😂 ಆಯ್ತು ಗುರುಗಳೇ.

ಸುಂಟಿಕೊಪ್ಪ: ಆದರೂ ಮೂರರಲ್ಲಿ ಬಿಚ್ಚಲಿಕ್ಕೆ ಸುಲಭ ಎವ್ರಿಯೇ. ಚಿಕ್ಕ ಇಂಜಿನ್, ಚಿಕ್ಕ ಭಾರ. ಇಂಜಿನ್ ವಾಲ್ವುಗಳನ್ನು ಸಮಯಕ್ಕೆ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಎಂದು ಕೇಳು. ಗೊತ್ತಿಲ್ಲ ಎಂದರೆ ತಂದ ದಿನವೇ ಬದಲಿಸು.

ಸೋಮವಾರಪೇಟೆ ಟೀಚರ್: ಸುಲಭ ಸರಿ. ಹೆಂಡತಿ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೈವೇಯಲ್ಲಿ ನೂರರಲ್ಲಿ ಹೋಗುವವನಿಗೆ 660 ಸಿಸಿ ಸಾಕಾ? ಇಂಥ ವ್ಯಾನಿನಲ್ಲಿ ಡ್ರೈವರ್‌ನ ಮೊಣಕಾಲೇ ಬಂಪರ್.

ವಿರಾಜಪೇಟೆ: ನಾವೆಲ್ಲ ಬದುಕಿಲ್ಲವಾ ಟೀಚರ್?

ಸೋಮವಾರಪೇಟೆ ಟೀಚರ್: ಸಂಪಾಜೆ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಹೋಗಿ ಬದುಕಿದ್ದು. ಅಲ್ಲಿ ಪಕ್ಕದಲ್ಲಿ ದೊಡ್ಡ ದೊಡ್ಡ ಟ್ರಕ್ಕು.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಐದು ನಿಮಿಷ ಗುಂಪು ತಣ್ಣಗಿತ್ತು. ಆಮೇಲೆ ನಾಪೋಕ್ಲು ಮತ್ತೆ ಶುರು ಮಾಡಿದ.

ನಾಪೋಕ್ಲು: ಅದಕ್ಕೇ ಡೆಲಿಕಾ ಎಂದದ್ದು. ಪಜೇರೋ ಇಂಜಿನ್ ಅದು.

ಸುಂಟಿಕೊಪ್ಪ: ಹೌದು, 4ಎಂ40. ನಮ್ಮಲ್ಲಿ 2002ರಲ್ಲಿ ಬಂದ ಪಜೇರೋದಲ್ಲಿ ಇದ್ದದ್ದೂ 2.8ರ ಅದೇ. ಟೈಮಿಂಗಿಗೆ ಬೆಲ್ಟ್ ಅಲ್ಲ, ಚೈನ್. ಇಂಜಿನ್ ಗಟ್ಟಿ, ಸುಳ್ಳು ಹೇಳುವುದಿಲ್ಲ. ಆದರೆ ಅದು ಮುಂದಿನ ಸೀಟುಗಳ ಅಡಿಗೆ ತೂರಿಕೊಂಡಿದೆ. ನಟ್ಟು ಕಾಣಿಸುತ್ತದೆ, ಸ್ಪ್ಯಾನರ್ ತಿರುಗುವುದಿಲ್ಲ. ಒಂದು ಸಲ ಹೀಟ್ ಆಗಲಿಕ್ಕೆ ಬಿಟ್ಟರೆ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಹೋಗುತ್ತದೆ. ಮೇಲಿಂದ ಟರ್ಬೊ, ಫೋರ್ ವೀಲಿನ ಡಬ್ಬ. ಹಳೇ ಗಾಡಿಯಲ್ಲಿ ಸಾಮಾನು ಜಾಸ್ತಿ ಇದ್ದಷ್ಟೂ ಕೆಡುವುದು ಜಾಸ್ತಿ.

ಕೆನಡಾ: ಹೈಏಸ್?

ಸುಂಟಿಕೊಪ್ಪ: ಮಾಲೀಕನಿಗೆ ಇಂಜಿನ್ ನಂಬರ್ ಕೇಳು. 3ಎಲ್ ಎಂಬ ಮಾದರಿಯ ಇಂಜಿನ್ ಇದ್ದರೆ ಕಣ್ಣು ಮುಚ್ಚಿ ತಗೋ. ಟರ್ಬೊ ಇಲ್ಲ, ಕಂಪ್ಯೂಟರ್ ತಂಟೆ ಇಲ್ಲ. ನಮ್ಮ ಕ್ವಾಲಿಸಿನಲ್ಲಿ ಇದ್ದದ್ದು 2ಎಲ್, 2446 ಸಿಸಿ. ಇದು ಅದರ ಅಣ್ಣ. ಎಷ್ಟು ಕ್ವಾಲಿಸ್ ಬಾಡಿಗೆಗೆ ಓಡಿದವು ನೋಡಿಲ್ವಾ? ಗೊಣಗುತ್ತಾ ಹತ್ತುತ್ತದೆ, ಆದರೆ ಹತ್ತುತ್ತದೆ. ಇದಕ್ಕೂ ಬೆಲ್ಟೇ, 1 ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಟರ್ಬೊ ಇರುವ 2ಎಲ್ ಕೊಟ್ಟರೆ ಮಾತ್ರ ಬೇಡ. ಅದಕ್ಕೂ ಹೆಡ್‌ನದೇ ಕಾಯಿಲೆ.

ಕುಶಾಲನಗರ: ನಾವೂ ಒಂದು ತರಿಸೋಣವಾ? ಕಾಫಿ ಮೂಟೆಗೆ ಆಗುತ್ತದೆ.

ಸುಂಟಿಕೊಪ್ಪ: ಇಲ್ಲಿಗೆ ಹೊರದೇಶದ ಸೆಕೆಂಡ್ ಹ್ಯಾಂಡ್ ಗಾಡಿ 3 ವರ್ಷಕ್ಕಿಂತ ಹಳೆಯದಾಗಿರಬಾರದು. ಸುಮ್ನೆ ಮಲಗು.

ಕೆನಡಾ: 3ಎಲ್ ಅಂತೆ! ಅಡಿಯ ಫೋಟೊ ಕಳಿಸಿದ್ದಾನೆ, ನೋಡು. ಹೊಸದರ ಹಾಗಿದೆ.

ಸುಂಟಿಕೊಪ್ಪ: ಅದೇ ಹೆದರಿಕೆ. ಮೂವತ್ತು ವರ್ಷದ ಗಾಡಿಯ ಅಡಿ ಹೊಸದರ ಹಾಗೆ ಇರುವುದಿಲ್ಲ. ಕಪ್ಪು ಬಳಿದಿದ್ದಾನೆ. ಇಂಜಿನ್ ನಾನು ಫೋನಿನಲ್ಲಿ ಹೇಳಿ ಬಿಚ್ಚಿಸುತ್ತೇನೆ, ತುಕ್ಕಿಗೆ ನನ್ನ ಹತ್ತಿರ ಮದ್ದಿಲ್ಲ. ನಮ್ಮ ಮಳೆಗೇ ಓಮ್ನಿಯ ಪ್ಲಾಟ್‌ಫಾರಂ ಕೊಳೆತು ಕಾಲ ಕೆಳಗೆ ರಸ್ತೆ ಕಾಣುತ್ತಿತ್ತು. ನಿಮ್ಮಲ್ಲಿ ರಸ್ತೆಗೆ ಉಪ್ಪು ಬೇರೆ ಹಾಕುತ್ತಾರೆ. ಹಿಂದಿನ ಚಕ್ರದ ಮೇಲೆ, ಬಾಗಿಲು ಜಾರುವ ಪಟ್ಟಿಯ ಕೆಳಗೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ಕುಟ್ಟು. ಠಣ್ ಎಂದರೆ ದುಡ್ಡು ಕೊಡು. ಬೊದ್ ಎಂದರೆ ವಾಪಸ್ ಬಾ.

ಕೆನಡಾ: ಶನಿವಾರ ಹೋಗುತ್ತೇನೆ. ಕುಟ್ಟಿ ವಾಯ್ಸ್ ಮೆಸೇಜ್ ಹಾಕುತ್ತೇನೆ.

ನಾಪೋಕ್ಲು: ಆ ಡೆಲಿಕಾದ ಫೋಟೊ ಇನ್ನೊಂದು ಸಲ ಹಾಕು ಮಾರಾಯ.