ಸಹಾಯ ಬೇಕು: ಹುಲಿ ಮುಖವಾಡಕ್ಕೆ ಏರ್‌ಬ್ರಶ್ ಬಣ್ಣ ಮಂಗಳೂರಲ್ಲಿ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ದಸರಾಕ್ಕೆ ನಮ್ಮ ಓಣಿಯ ಮಕ್ಕಳಿಗೆ ಕಾಗದ ಅರೆದು ಹುಲಿ ಮುಖವಾಡ ಮಾಡುತ್ತಿದ್ದೇವೆ. ಬಣ್ಣ ಮುಖವಾಡಕ್ಕೆ ಮಾತ್ರ, ಮೈಗೆ ಹಚ್ಚಲು ಅಲ್ಲ. ನನ್ನ ಹತ್ತಿರ ಇರುವುದು 0.3 ಮಿ.ಮೀ. ನಾಝಲ್‌ನ (ಬಣ್ಣ ಹೊರಬರುವ ಮೂತಿ) ಏರ್‌ಬ್ರಶ್, ಅಂದರೆ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ, ಮತ್ತು ಅದಕ್ಕೆ ಗಾಳಿ ಕೊಡುವ ಒಂದು ಸಣ್ಣ ಕಂಪ್ರೆಸರ್.

ತಲೆನೋವು ಹಳದಿಯದ್ದೇ. ಎಷ್ಟು ಹೊಡೆದರೂ ಕೆಳಗಿನ ಕಾಗದದ ಬೂದು ಇಣುಕುತ್ತದೆ. ಮೊದಲು ಬಿಳಿ ಕೊಟ್ಟು, ಮೇಲೆ ಹಳದಿ ಹೊಡೆದು, ಕೆನ್ನೆಯ ಅಂಚಿಗೆ ಪಾರದರ್ಶಕ ಕಿತ್ತಳೆ ತೆಳುವಾಗಿ ಎಳೆದರೆ ಚೆನ್ನಾಗಿ ಕೂರುತ್ತದೆ. ಹಾಗಾಗಿ ಗಟ್ಟಿ (ಕೆಳಗಿನದು ಕಾಣದಂತೆ ಮುಚ್ಚುವ) ಬಿಳಿ, ಗಟ್ಟಿ ಹಳದಿ, ಕಪ್ಪು ಬೇಕು. ಕಿತ್ತಳೆ ಮತ್ತು ಕಂದು ಪಾರದರ್ಶಕವೇ ಆಗಬೇಕು. ಹನ್ನೆರಡು ಬಣ್ಣದ ಸೆಟ್ ತಗೊಂಡರೆ ನೀಲಿ, ನೇರಳೆ ಸುಮ್ನೆ ಉಳಿಯುತ್ತವೆ, ಅಲ್ವಾ?

ಹಂಪನಕಟ್ಟೆ ಕಡೆ ಕೇಳಿದರೆ ಟ್ಯೂಬಿನ ಅಕ್ರಿಲಿಕ್ ಕೊಟ್ಟು "ನೀರು ಹಾಕಿ ಹೊಡೀರಿ" ಅಂತಾರೆ. ನೀರು ಜಾಸ್ತಿಯಾದರೆ ಬಣ್ಣ ಜೇಡನ ಕಾಲಿನ ಹಾಗೆ ಹರಡುತ್ತದೆ. ಕಮ್ಮಿಯಾದರೆ ನಾಝಲ್ ಕಟ್ಟಿಕೊಳ್ಳುತ್ತದೆ.

ಕ್ರಿಯೇಟೆಕ್ಸ್ ಕಂಪನಿಯ ಅಥವಾ ಅಂಥದ್ದೇ ಏರ್‌ಬ್ರಶ್ ಬಣ್ಣ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಯಾರಾದರೂ ಬಿಡಿಯಾಗಿ ಮಾರುತ್ತಾರಾ? ಬಿಳಿ, ಹಳದಿ ದೊಡ್ಡ ಬಾಟಲಿಯೇ ಬೇಕು. ಆನ್‌ಲೈನ್‌ನಲ್ಲಿ ತರಿಸಿದವರಿದ್ದರೆ ಸೋರದೆ ಬಂತಾ, ಅದನ್ನೂ ಹೇಳಿ.