ಹ್ಯಾಸ್ಕೆಲ್ ಪ್ರಾಜೆಕ್ಟ್‌ಗೆ ಡೆವ್ ಕಂಟೇನರ್: ಇಮೇಜ್‌ನಲ್ಲಿ ಏನಿರಬೇಕು, ವಾಲ್ಯೂಮ್‌ನಲ್ಲಿ ಏನು?

ಪ್ರಶ್ನೆ

ಕಬಾಲ್ ಎಂಬ ಬಿಲ್ಡ್ ಸಾಧನ ಬಳಸುವ ಒಂದು ಹ್ಯಾಸ್ಕೆಲ್ ವೆಬ್ ಸರ್ವರ್‌ಗೆ ಡೆವ್ ಕಂಟೇನರ್ (ಡೆವಲಪ್‌ಮೆಂಟ್ ಸಾಧನಗಳೆಲ್ಲ ಒಳಗಿರುವ ಡಾಕರ್ ಕಂಟೇನರ್) ಬೇಕಿದೆ. ಬೇಸ್ ಡೆಬಿಯನ್ 12, ಕಂಪೈಲರ್ ಜಿಎಚ್‌ಸಿ 9.6, ಎಡಿಟರ್ ವಿಎಸ್ ಕೋಡ್. ತಂಡದಲ್ಲಿ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರೂ ಇವೆ. ಕಂಟೇನರ್ ರೀಬಿಲ್ಡ್ ಆದಾಗಲೆಲ್ಲ ಡಿಪೆಂಡೆನ್ಸಿಗಳು ಮೊದಲಿನಿಂದ ಕಂಪೈಲ್ ಆಗುತ್ತವೆ. ವಾಲ್ಯೂಮ್ (ಕಂಟೇನರ್ ಅಳಿದರೂ ಉಳಿಯುವ ಡಾಕರ್ ಸಂಗ್ರಹ) ಹಾಕಿದರೆ ‘ಪರ್ಮಿಷನ್ ಡಿನೈಡ್’. ಕೆಲವು ಯಂತ್ರಗಳಲ್ಲಿ ಬಿಲ್ಡ್ ನಡುವೆಯೇ 137 ಕೋಡ್ ಕೊಟ್ಟು ನಿಲ್ಲುತ್ತದೆ. ಇಮೇಜ್ ಕೂಡ ತುಂಬ ದೊಡ್ಡದು. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ಗೆ ಹೋಗುವುದು ಒಳ್ಳೆಯದೇ?

ಉತ್ತರ 1

ಆಲ್ಪೈನ್ ಬೇಡ. ಅದರಲ್ಲಿರುವುದು ಮಸ್ಲ್ ಎಂಬ ಸಿ ಲೈಬ್ರರಿ; ಡೆಬಿಯನ್, ಉಬುಂಟುಗೆಂದು ಕಟ್ಟಿದ ಜಿಎಚ್‌ಸಿ ಬೈನರಿಗಳು ಗ್ಲಿಬ್‌ಸಿ ಎಂಬ ಇನ್ನೊಂದನ್ನು ಕೇಳುತ್ತವೆ. ಸ್ಟ್ಯಾಟಿಕ್ ಬೈನರಿ ಬೇಕಾದಾಗ ಬಿಡುಗಡೆಯ ಬಿಲ್ಡ್‌ಗೆ ಆಲ್ಪೈನ್ ಸರಿ, ದಿನನಿತ್ಯದ ಕೆಲಸಕ್ಕೆ ಅಲ್ಲ. ಜಾಗ ತಿನ್ನುವುದು ಬೇಸ್ ಅಲ್ಲ, ಕಂಪೈಲರ್.

ಮುಖ್ಯ ವಿಷಯ: ಯಾವುದು ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ನೋಡಿ ಜಾಗ ಹಂಚಿ. ಜಿಎಚ್‌ಸಿ, ಕಬಾಲ್, ಎಚ್‌ಎಲ್‌ಎಸ್ (ಎಡಿಟರ್‌ಗೆ ನೆರವಾಗುವ ಹ್ಯಾಸ್ಕೆಲ್ ಲ್ಯಾಂಗ್ವೇಜ್ ಸರ್ವರ್), ಸಿ ಲೈಬ್ರರಿಗಳು ಇಮೇಜ್‌ನಲ್ಲಿ. ಕಬಾಲ್ ಸ್ಟೋರ್ (ಕಂಪೈಲ್ ಆದ ಡಿಪೆಂಡೆನ್ಸಿಗಳು) ಮತ್ತು ಡಿಸ್ಟ್-ನ್ಯೂಸ್ಟೈಲ್ (ನಿಮ್ಮ ಪ್ರಾಜೆಕ್ಟ್‌ನ ಬಿಲ್ಡ್ ಕಡತಗಳು), ಹೆಸರಿಟ್ಟ ವಾಲ್ಯೂಮ್‌ಗಳಲ್ಲಿ. ಸೋರ್ಸ್ ಮಾತ್ರ ಬೈಂಡ್ ಮೌಂಟ್, ಅಂದರೆ ನಿಮ್ಮ ಯಂತ್ರದ ಡೈರೆಕ್ಟರಿಯೇ ಒಳಗೆ ಕಾಣಲಿ.

ಇಮೇಜ್‌ಗೆ ಬಿಲ್ಡ್-ಎಸೆನ್ಷಿಯಲ್, ಕರ್ಲ್, ಪಿಕೆಜಿ-ಕಾನ್ಫಿಗ್ ಇರಲಿ. ಜಿಎಂಪಿ, ಲಿಬ್‌ಎಫ್‌ಎಫ್‌ಐ, ಎನ್‌ಕರ್ಸಸ್, ಝೆಡ್‌ಲಿಬ್‌ಗಳ ‘ಡೆವ್’ ಪ್ಯಾಕೇಜ್‌ಗಳೂ ಬೇಕು. ಹ್ಯಾಸ್ಕೆಲ್ ಸಾಧನಗಳನ್ನು ಇನ್‌ಸ್ಟಾಲ್ ಮಾಡುವ ಜಿಎಚ್‌ಸಿಅಪ್ ಅನ್ನು ರೂಟ್ ಅಲ್ಲದ ಬಳಕೆದಾರನಾಗಿ ಹಾಕಿ, ಜಿಎಚ್‌ಸಿ, ಕಬಾಲ್, ಎಚ್‌ಎಲ್‌ಎಸ್ ಮೂರರ ಆವೃತ್ತಿಗಳನ್ನೂ ಪೂರ್ತಿ ಅಂಕಿಗಳೊಂದಿಗೆ ಬರೆಯಿರಿ. ‘ಲೇಟೆಸ್ಟ್’ ಎಂದು ಬಿಟ್ಟರೆ ಇಂದಿನ ಇಮೇಜೇ ಬೇರೆ, ಮುಂದಿನ ತಿಂಗಳದ್ದೇ ಬೇರೆ.

ಕಬಾಲ್ 3.10ರಿಂದ ಒಂದು ತೊಡಕಿದೆ. ಹೋಮ್‌ನಲ್ಲಿ ಹಳೆಯ ‘.ಕಬಾಲ್’ ಡೈರೆಕ್ಟರಿ ಇಲ್ಲದಿದ್ದರೆ ಅದು ತನ್ನ ಕಡತಗಳನ್ನು ಕ್ಯಾಶ್, ಕಾನ್ಫಿಗ್, ಸ್ಟೇಟ್ ಎಂದು ಹಂಚಿ ಇಡುತ್ತದೆ. ಹಳೆಯ ಜಾಗಕ್ಕೆ ಮಾತ್ರ ವಾಲ್ಯೂಮ್ ಹಾಕಿದವರಿಗೆ ಸ್ಟೋರ್ ಉಳಿಯುವುದೇ ಇಲ್ಲ. ಕಬಾಲ್_ಡಿಐಆರ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಒಂದೇ ಡೈರೆಕ್ಟರಿ ಕೊಟ್ಟು ಅಲ್ಲಿಗೇ ವಾಲ್ಯೂಮ್ ಹಾಕಿ.

ಪರ್ಮಿಷನ್ ಸಮಸ್ಯೆ ಬಗೆಹರಿಯುವುದು ಡಾಕರ್‌ಫೈಲ್‌ನಲ್ಲಿ. ಮೌಂಟ್ ಆಗುವ ಜಾಗ ಇಮೇಜ್‌ನಲ್ಲಿ ಇಲ್ಲದಿದ್ದರೆ ಡಾಕರ್ ಅದನ್ನು ರೂಟ್ ಹೆಸರಲ್ಲಿ ಸೃಷ್ಟಿಸುತ್ತದೆ. ಡಾಕರ್‌ಫೈಲ್‌ನಲ್ಲೇ ಆ ಡೈರೆಕ್ಟರಿ ಮಾಡಿ, ಚೋನ್ ಆಜ್ಞೆಯಿಂದ ನಿಮ್ಮ ಬಳಕೆದಾರನ ಹೆಸರಿಗೆ ಮಾಡಿಟ್ಟರೆ, ಖಾಲಿ ವಾಲ್ಯೂಮ್ ಮೊದಲ ಸಲ ಮೌಂಟ್ ಆಗುವಾಗ ಆ ಮಾಲೀಕತ್ವವನ್ನೇ ಪಡೆಯುತ್ತದೆ. ಈಗಾಗಲೇ ಹುಟ್ಟಿರುವ ವಾಲ್ಯೂಮ್ ತಾನಾಗಿ ಸರಿಹೋಗದು, ಅಳಿಸಿ ಇಲ್ಲವೇ ಅದಕ್ಕೂ ಚೋನ್ ಕೊಡಿ.

ಉತ್ತರ 2

ಮೇಲಿನದಕ್ಕೆ ಒಂದು ಎಚ್ಚರಿಕೆ. ಡಿಪೆಂಡೆನ್ಸಿಗಳನ್ನು ಇಮೇಜ್‌ನಲ್ಲೂ ಕಟ್ಟಿ, ಅದೇ ಜಾಗದ ಮೇಲೆ ವಾಲ್ಯೂಮ್ ಕೂಡ ಹಾಕಬೇಡಿ. ಇಮೇಜ್‌ನ ಒಳಗಿನದು ವಾಲ್ಯೂಮ್‌ಗೆ ನಕಲಾಗುವುದು ಅದು ಖಾಲಿ ಇದ್ದಾಗ ಮಾತ್ರ. ಆಮೇಲೆ ಎಷ್ಟು ಸಲ ಇಮೇಜ್ ಕಟ್ಟಿದರೂ ಹಳೆಯ ವಾಲ್ಯೂಮ್ ಹೊಸದನ್ನು ಮುಚ್ಚಿಬಿಡುತ್ತದೆ. ‘ರೀಬಿಲ್ಡ್ ಮಾಡಿದರೂ ಬದಲಾಗುತ್ತಿಲ್ಲ’ ಎಂಬ ದೂರು ಬಹುಪಾಲು ಇದೇ.

ಸ್ಟೋರ್ ಒಳಗೆ ಜಿಎಚ್‌ಸಿ ಆವೃತ್ತಿಗೊಂದು ಡೈರೆಕ್ಟರಿ ಇರುವುದರಿಂದ ಕಂಪೈಲರ್ ಬದಲಿಸಿದರೆ ತೊಂದರೆಯಿಲ್ಲ. ಡೆಬಿಯನ್ ಆವೃತ್ತಿ ಬದಲಿಸಿದರೆ ಇದೆ. ಉದಾಹರಣೆಗೆ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಆವೃತ್ತಿ ಡೆಬಿಯನ್ 11ರಲ್ಲಿ 67, 12ರಲ್ಲಿ 72. ಪಿಕೆಜಿ-ಕಾನ್ಫಿಗ್ ಮೂಲಕ ಘೋಷಿಸಿದ ಸಿ ಲೈಬ್ರರಿಯ ಆವೃತ್ತಿಯನ್ನು ಕಬಾಲ್ ತನ್ನ ಹ್ಯಾಶ್‌ಗೆ (ಕಟ್ಟಿದ ಪ್ಯಾಕೇಜನ್ನು ಗುರುತಿಸುವ ಸಂಕೇತಕ್ಕೆ) ಸೇರಿಸುತ್ತದೆ. ಪ್ಯಾಕೇಜ್‌ನ ಕಬಾಲ್ ಕಡತದಲ್ಲಿ ಬರೀ ಎಕ್ಸ್‌ಟ್ರಾ-ಲೈಬ್ರರೀಸ್ ಎಂಬಲ್ಲಿ ಬರೆದದ್ದರ ಆವೃತ್ತಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ವಾಲ್ಯೂಮ್ ಹೆಸರಿನಲ್ಲೇ ಡೆಬಿಯನ್ ಆವೃತ್ತಿ ಸೇರಿಸಿಬಿಡಿ.

137 ಅಂದರೆ 128 ಕೂಡಿಸು ಸಿಗ್ನಲ್ 9. ಬಹುತೇಕ ಮೆಮೊರಿ ಮುಗಿದು ಕರ್ನಲ್ ಕೊಂದದ್ದು. ಮ್ಯಾಕ್, ವಿಂಡೋಸ್‌ಗಳಲ್ಲಿ ಡಾಕರ್ ಒಂದು ವರ್ಚುವಲ್ ಯಂತ್ರದೊಳಗೆ ಓಡುತ್ತದೆ, ಅದರ ಮೆಮೊರಿ ಮಿತಿಯೇ ಬೇರೆ. ಕಬಾಲ್‌ನ ಜಾಬ್ಸ್ ಸಂಖ್ಯೆಯೂ ಜಿಎಚ್‌ಸಿಯ ‘-ಜೆ’ ಕೂಡ ಗುಣಾಕಾರವಾಗುತ್ತವೆ: 4 ಮತ್ತು 4 ಕೊಟ್ಟರೆ ಒಟ್ಟಿಗೆ 16 ಮಾಡ್ಯೂಲ್‌ವರೆಗೆ. ಡಾಕರ್‌ನ ‘ಸಿಪಿಯೂಸ್’ ಮಿತಿ ಇಲ್ಲಿ ನೆರವಾಗದು, ಕಂಟೇನರ್‌ಗೆ ಆಗಲೂ ಎಲ್ಲ ಕೋರ್‌ಗಳೂ ಕಾಣುತ್ತವೆ. ಜಾಬ್ಸ್ 2 ಎಂದು ಬರೆದು ಜಿಎಚ್‌ಸಿಯ ‘-ಜೆ’ ತೆಗೆಯಿರಿ. ಜಿಎಚ್‌ಸಿ 9.8, ಕಬಾಲ್ 3.12 ಆದಮೇಲೆ ಸೆಮಫೋರ್ ಆಯ್ಕೆ ಎರಡನ್ನೂ ಒಂದೇ ಮಿತಿಯಲ್ಲಿ ಇಡುತ್ತದೆ.

ಪ್ರಶ್ನೆ ಕೇಳಿದವರು

ವಾಲ್ಯೂಮ್ ಅಳಿಸಿ ಹೊಸದಾಗಿ ಮಾಡಿದ ಮೇಲೆ ಪರ್ಮಿಷನ್ ಸರಿಯಾಯಿತು, 137 ಕೂಡ ನಿಂತಿತು. ಈಗ ಉಳಿದದ್ದು ಎಡಿಟರ್: ಟರ್ಮಿನಲ್‌ನಲ್ಲಿ ಬಿಲ್ಡ್ ಆಗುತ್ತದೆ, ಎಚ್‌ಎಲ್‌ಎಸ್ ಮಾತ್ರ ಏಳುವುದಿಲ್ಲ. ಹೊಸ ಕಂಟೇನರ್‌ನಲ್ಲಿ ಎಕ್ಸ್‌ಟೆನ್ಷನ್ ತಾನೇ ಏನೋ ಡೌನ್‌ಲೋಡ್ ಮಾಡಲು ಹೊರಡುತ್ತದೆ.

ಉತ್ತರ 3

ಡೆವ್‌ಕಂಟೇನರ್ ಕಡತದ ಸೆಟ್ಟಿಂಗ್ಸ್‌ನಲ್ಲಿ ‘ಹ್ಯಾಸ್ಕೆಲ್.ಮ್ಯಾನೇಜ್‌ಎಚ್‌ಎಲ್‌ಎಸ್’ ಅನ್ನು ‘ಪಾತ್’ ಎಂದು ಇಡಿ. ಆಗ ಇಮೇಜ್‌ನಲ್ಲಿರುವುದನ್ನೇ ಬಳಸುತ್ತದೆ. ಜಿಎಚ್‌ಸಿಅಪ್‌ನ ಬಿನ್ ಡೈರೆಕ್ಟರಿಯನ್ನು ಡಾಕರ್‌ಫೈಲ್‌ನ ಎನ್ವ್ ಸಾಲಿನಲ್ಲೇ ಪಾತ್‌ಗೆ ಸೇರಿಸಿ. ಬ್ಯಾಶ್‌ಆರ್‌ಸಿಯಲ್ಲಿ ಮಾತ್ರ ಇದ್ದರೆ ಟರ್ಮಿನಲ್‌ಗೆ ಕಾಣುತ್ತದೆ, ಎಡಿಟರ್‌ಗೆ ಕಾಣಬೇಕೆಂದಿಲ್ಲ.

ಎಚ್‌ಎಲ್‌ಎಸ್ ಕೆಲವೇ ಜಿಎಚ್‌ಸಿ ಆವೃತ್ತಿಗಳಿಗೆ ಸಿದ್ಧ ಬೈನರಿ ಕೊಡುತ್ತದೆ. ‘ಜಿಎಚ್‌ಸಿಅಪ್ ಲಿಸ್ಟ್’ ಕೊಟ್ಟು, ನಿಮ್ಮ ಆವೃತ್ತಿಯ ಎದುರು ‘ಎಚ್‌ಎಲ್‌ಎಸ್-ಪವರ್ಡ್’ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದೇ ಸರಣಿಯಲ್ಲಿ ಗುರುತಿರುವುದಕ್ಕೆ ಸರಿಯುವುದು ಎಚ್‌ಎಲ್‌ಎಸ್ ಅನ್ನು ಸೋರ್ಸ್‌ನಿಂದ ಕಟ್ಟುವುದಕ್ಕಿಂತ ಸುಲಭ. ಹೋಮ್‌ನ ‘.ಕ್ಯಾಶ್’ಗೂ ಒಂದು ವಾಲ್ಯೂಮ್ ಕೊಟ್ಟರೆ ಎಚ್‌ಎಲ್‌ಎಸ್ ಪ್ರತಿ ಸಲ ಮೊದಲಿನಿಂದ ಶುರುಮಾಡುವುದಿಲ್ಲ.

ವಿಂಡೋಸ್ ಬಳಸುವವರು ಸೋರ್ಸ್ ಅನ್ನು ಡಬ್ಲ್ಯೂಎಸ್‌ಎಲ್2 (ವಿಂಡೋಸ್‌ನಲ್ಲಿ ಓಡುವ ಲಿನಕ್ಸ್) ಒಳಗಿನ ಕಡತ ವ್ಯವಸ್ಥೆಯಲ್ಲೇ ಇಡಲಿ. ಸಿ ಡ್ರೈವ್‌ನಿಂದ ಮೌಂಟ್ ಮಾಡಿದರೆ ನಿಧಾನ ಮಾತ್ರವಲ್ಲ, ಕಡತ ಬದಲಾದ ಸುದ್ದಿ ಜಿಎಚ್‌ಸಿಐಡಿಗೆ (ಕಡತ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಮಾಡುವ ಸಾಧನಕ್ಕೆ) ತಲುಪದೇ ಇರಬಹುದು. ಆಪಲ್ ಸಿಲಿಕಾನ್‌ನಲ್ಲಿ ಇಮೇಜ್ ಆರ್ಮ್64 ಆಗಿಯೇ ಇರಲಿ, ಜಿಎಚ್‌ಸಿ 9.2ರಿಂದ ಅದಕ್ಕೆ ಎಲ್‌ಎಲ್‌ವಿಎಂ ಎಂಬ ಹೊರಗಿನ ಕಂಪೈಲರ್ ಸಾಧನ ಬೇಕಿಲ್ಲ.

ಇನ್ನೊಂದು: ಅಕ್ಷರಗಳ ಎನ್‌ಕೋಡಿಂಗ್ ಹೇಳುವ ಲ್ಯಾಂಗ್ ವೇರಿಯಬಲ್‌ಗೆ ಸಿ.ಯುಟಿಎಫ್-8 ಕೊಡಿ. ಸಾಮಾನ್ಯ ಡೆಬಿಯನ್ ಇಮೇಜ್‌ನಲ್ಲಿ ಈ ವೇರಿಯಬಲ್ ಇಟ್ಟಿರುವುದಿಲ್ಲ. ಕಡತದಲ್ಲಿ ಒಂದೇ ಒಂದು ಕನ್ನಡ ಅಕ್ಷರವಿದ್ದು ಪ್ರೋಗ್ರಾಂ ಅದನ್ನು ಓದಲು ಹೋದರೂ ಬೈಟ್‌ಗಳನ್ನು ಡಿಕೋಡ್ ಮಾಡಲಾಗದು ಎಂಬ ದೋಷ ಕೊಟ್ಟು ನಿಲ್ಲುತ್ತದೆ.